ಕಲಿಸಲು ಬಂದು ಕಲಿತವರು

ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾದು ವಾಯವ್ಯಕ್ಕೆ ಸಾಗುವ ಹೆದ್ದಾರಿಯು ದಾವಣಗೆರೆ, ಹರಿಹರ, ಹಾವೇರಿ, ಹುಬ್ಬಳ್ಳಿಗಳನ್ನು ದಾಟಿ ಧಾರವಾಡವನ್ನು ಮುಟ್ಟುತ್ತದೆ. ಹೊಸದುರ್ಗದ ಅಥವಾ ಹೊಳಲ್ಕೆರೆಯ ವಿದ್ಯಾರ್ಥಿಯೊಬ್ಬನು ಈ ದಾರಿಯಲ್ಲಿ ಪ್ರಯಾಣ ಮಾಡಿ ಧಾರವಾಡದ ಸಂತೆಯಲ್ಲಿ ಇಳಿದನೆಂದು ಭಾವಿಸೋಣ. ಅಲ್ಲಿ ಅವನ ಕಿವಿಗೆ ಬೀಳುವುದು ಕನ್ನಡವೇ. ಆದರೂ ಮಾತಿನ ಧಾಟಿ ಬೇರೆ. ಕೆಲವು ಪದಗಳು ಹೊಸವು. ಒಂದೆರಡು ದಿನ ಕಿವಿಗೊಟ್ಟು ಕೇಳಿದ ಮೇಲೆಯೇ ಅವನಿಗೆ ಆ ಮಾತು ಒಗ್ಗುತ್ತದೆ. ಕನ್ನಡವೇ ಮನೆಮಾತಾದವರಿಗೆ ಹೀಗಾದರೆ, ಕನ್ನಡದ ಗಂಧವೂ ಇಲ್ಲದೆ ಸಾವಿರಾರು ಮೈಲಿಗಳಾಚೆ ಬೆಳೆದ ಪರದೇಶಿಯ ಪಾಡು ಹೇಗಿರಬೇಡ?

೧೮೫೩ರಲ್ಲಿ ಧಾರವಾಡಕ್ಕೆ ಅಂಥ ತರುಣರೊಬ್ಬರು ಬಂದರು. ಆಗ ಅವರ ವಯಸ್ಸು ಇಪ್ಪತ್ತೊಂದು. ಅವರು ಬಂದದ್ದು ಕಲಿಸುವುದಕ್ಕೆ. ಆದರೆ ಬಂದೊಡನೆ ಕಲಿಯಲು ಕುಳಿತರು. ಬದುಕಿನ ಕೊನೆಯವರೆಗೂ ಕಲಿಯುತ್ತಲೇ ಇದ್ದರು. ಅವರೇ ಕನ್ನಡ ನಿಘಂಟುಕಾರರೆಂದು ಖ್ಯಾತರಾದ ಫರ್ಡಿನಾಂಡ್ ಕಿಟೆಲ್.

ಕಿಟೆಲರು ೧೮೩೨ರ ಏಪ್ರಿಲ್ ೭ರಂದು ಜರ್ಮನಿಯ ವಾಯವ್ಯ ತೀರದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿಗಳು. ಬಾಲ್ಯದಿಂದಲೂ ಕಿಟೆಲರಿಗೆ ಭಾಷೆಗಳಲ್ಲಿ ವಿಶೇಷವಾದ ಒಲವು. ಗ್ರೀಕ್, ಲ್ಯಾಟಿನ್, ಹೀಬ್ರೂ, ಇಂಗ್ಲಿಷ್ ಮುಂತಾದ ಭಾಷೆಗಳನ್ನು ಅವರು ವಿದ್ಯಾರ್ಥಿದೆಸೆಯಲ್ಲಿಯೇ ಅಭ್ಯಾಸ ಮಾಡಿದ್ದರು. ೧೮೫೦ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸಂಸ್ಥೆಯನ್ನು ಸೇರಿದರು. ೧೮೧೫ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ೧೮೩೪ರಿಂದ ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಿತು. ಕ್ರೈಸ್ತಮತದ ಪ್ರಚಾರ ಅದರ ಮುಖ್ಯ ಉದ್ದೇಶ. ಅದಕ್ಕೆ ಹೊಂದಿಕೊಂಡು ಶಾಲೆಗಳನ್ನು ನಡೆಸುವುದು, ಪುಸ್ತಕಗಳನ್ನು ಅಚ್ಚುಮಾಡುವುದು ಮೊದಲಾದ ಕೆಲಸಗಳನ್ನೂ ಅದು ಕೈಗೊಂಡಿದ್ದಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ೧೮೪೩ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗರು ಈ ಸಂಸ್ಥೆಗೆ ಸೇರಿದವರೇ.

ಕಿಟೆಲರು ಬಂದ ಕಾಲವನ್ನು ಒಮ್ಮೆ ನೆನೆಯಬೇಕು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲು ಓಡಿದ್ದು ೧೮೫೩ರಲ್ಲಿಯೇ, ಅದೂ ಮುಂಬಯಿಯಿಂದ ಠಾಣೆಯವರೆಗೆ ಮಾತ್ರ. ಧಾರವಾಡದತ್ತ ರೈಲಿನ ಸದ್ದೇ ಇರಲಿಲ್ಲ. ಊರಿನಿಂದ ಒಂದು ಕಾಗದ ಬರಬೇಕಾದರೂ ದಿನಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು. ಹವೆ ಬೇರೆ, ಆಹಾರ ಬೇರೆ, ನಡೆನುಡಿ ಬೇರೆ. ಹೀಗೆ ಬಂದ ಹೊಸಬನಿಗೆ ಎರಡು ದಾರಿಗಳು ತೆರೆದಿರುತ್ತವೆ. ತನ್ನವರ ನಡುವೆಯೇ ಬೇಲಿ ಹಾಕಿಕೊಂಡು, ಕೆಲಸಕ್ಕೆ ಬೇಕಾದಷ್ಟು ಮಾತನ್ನು ಕಲಿತು ದಿನ ನೂಕುವುದು ಒಂದು. ಬೇಲಿಯನ್ನು ದಾಟಿ ಜನರ ನಡುವೆ ಬೆರೆಯುವುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಕಿಟೆಲರು ಕಷ್ಟದ ದಾರಿಯನ್ನೇ ಆರಿಸಿಕೊಂಡರು.

ಕಷ್ಟವೆಂದರೆ ಎಂತಹ ಕಷ್ಟ? ಜರ್ಮನ್ ಭಾಷೆಯಲ್ಲಿ ನಮ್ಮ ಟ, ಡ, ಣ, ಳ ಧ್ವನಿಗಳಿಲ್ಲ. ಆ ಭಾಷೆಯನ್ನಾಡಿ ಬೆಳೆದವನಿಗೆ ‘ಹಲ್ಲಿ’ಯೂ ‘ಹಳ್ಳಿ’ಯೂ ಒಂದೇ ಆಗಿ ಕೇಳಿಸುತ್ತವೆ, ‘ಬೆಲೆ’ಗೂ ‘ಬೆಳೆ’ಗೂ ಭೇದ ತೋರುವುದಿಲ್ಲ. ನಮಗೆ ಹುಟ್ಟಿನಿಂದ ಬಂದ ಈ ಭೇದವನ್ನು ಅವನು ನಾಲಗೆಯನ್ನು ಮತ್ತೆ ಮತ್ತೆ ಪಳಗಿಸಿ ಸಂಪಾದಿಸಬೇಕು. ಧ್ವನಿ ಒಲಿದ ಮೇಲೆ ಪದಗಳ ತೊಡಕು. ಜರ್ಮನರು ತಂದೆಯ ಅಣ್ಣನನ್ನೂ ತಮ್ಮನನ್ನೂ ತಾಯಿಯ ಸೋದರನನ್ನೂ ‘ಓಂಕೆಲ್’ ಎಂಬ ಒಂದೇ ಪದದಿಂದ ಕರೆಯುತ್ತಾರೆ. ನಮ್ಮಲ್ಲಿಯಾದರೋ ದೊಡ್ಡಪ್ಪ ಬೇರೆ, ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ. ಈ ಪದಗಳ ಅರ್ಥವನ್ನು ಪುಸ್ತಕದಲ್ಲಿ ಓದಿದರೆ ಸಾಲದು. ಮದುವೆಯಲ್ಲಿ ಸೋದರಮಾವನ ಸ್ಥಾನವೇನು, ಮನೆಯಲ್ಲಿ ದೊಡ್ಡಪ್ಪನ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಕಂಡವನಿಗೆ ಮಾತ್ರ ಅವುಗಳ ತಿರುಳು ತಿಳಿಯುತ್ತದೆ. ಭಾಷೆಯನ್ನು ಕಲಿಯುವುದೆಂದರೆ ಅದನ್ನಾಡುವ ಜನರ ಬಾಳನ್ನು ಅರಿಯುವುದೇ ಆಗಿದೆ.

ಈ ಸತ್ಯವನ್ನು ಕಿಟೆಲರು ಬಹು ಬೇಗನೆ ಮನಗಂಡರು. ಜನರಿಗೆ ಏನನ್ನಾದರೂ ಹೇಳಬೇಕಾದರೆ ಮೊದಲು ಅವರಲ್ಲಿ ಒಬ್ಬನಾಗಬೇಕು ಎಂಬುದು ಅವರ ನಿಲುವು. ಆಡುಮಾತಿನಿಂದ ಆರಂಭಿಸಿ ಗಾದೆ, ಹಾಡು, ಸಂಗೀತಗಳವರೆಗೆ ಅವರ ಆಸಕ್ತಿ ಹಬ್ಬಿತು. ಅಲ್ಲಿಂದ ಮುಂದೆ ಹಳಗನ್ನಡ ಕಾವ್ಯಗಳ ಕಡೆಗೆ ತಿರುಗಿದರು. ಕನ್ನಡ ಬಲ್ಲ ಪಂಡಿತರ ಬಳಿ ಕುಳಿತು ಪಾಠ ಹೇಳಿಸಿಕೊಂಡರು.

ಆದರೆ ಈ ನಡತೆ ಅವರ ಜೊತೆಯ ಮಿಷನರಿಗಳಲ್ಲಿ ಹಲವರಿಗೆ ಹಿಡಿಸಲಿಲ್ಲ. ಮತಪ್ರಚಾರಕ್ಕೆಂದು ಬಂದ ತರುಣನು ಕಾವ್ಯ, ವ್ಯಾಕರಣಗಳಲ್ಲಿ ಮುಳುಗುವುದು, ಈ ದೇಶದವರೊಡನೆ ಈ ದೇಶದವನಂತೆ ಬೆರೆಯುವುದು ಅವರಿಗೆ ಸಲ್ಲದ ಕೆಲಸವೆಂದು ತೋರಿತು. ಟೀಕೆಗಳು ಬಂದವು. ಅವರನ್ನು ದೂರದ ಠಾಣ್ಯಕ್ಕೆ ಕಳುಹಿಸಿದ್ದೂ ಉಂಟು. ಪರದೇಶದಲ್ಲಿ ಹೊಸಬನಾದವನಿಗೆ ತನ್ನವರ ಆಸರೆಯೇ ದೊಡ್ಡ ಬಲ. ಆ ಆಸರೆಯೇ ಸಡಿಲವಾದಾಗ ತಾನು ಹಿಡಿದ ದಾರಿ ಸರಿಯೇ ಎಂಬ ಸಂಶಯ ಯಾರನ್ನಾದರೂ ಕಾಡದಿರದು. ಕಿಟೆಲರು ದಾರಿಯನ್ನು ಬಿಡಲಿಲ್ಲ. ೧೮೬೨ರಲ್ಲಿ ಅವರು ‘ಕಥಾಮಾಲೆ’ ಎಂಬ ಕೃತಿಯನ್ನು ಪ್ರಕಟಿಸಿದರು. ಅದು ಯೇಸುವಿನ ಚರಿತ್ರೆ. ಆದರೆ ಬರೆದದ್ದು ಕನ್ನಡದ ಛಂದಸ್ಸಿನಲ್ಲಿ, ಹಾಡುವುದಕ್ಕೆ ತಕ್ಕಂತೆ. ಧಾರವಾಡಕ್ಕೆ ಬಂದ ಒಂಬತ್ತು ವರ್ಷಗಳೊಳಗೆ ಅವರು ಈ ನೆಲದ ಲಯವನ್ನು ಒಳಗು ಮಾಡಿಕೊಂಡಿದ್ದರು.

ಗೃಹಜೀವನದಲ್ಲಿಯೂ ಅವರಿಗೆ ದುಃಖ ತಪ್ಪಲಿಲ್ಲ. ೧೮೬೦ರಲ್ಲಿ ಅವರು ಪೌಲೀನ್ ಎಂಬುವರನ್ನು ವಿವಾಹವಾದರು. ನಾಲ್ಕೇ ವರ್ಷಗಳಲ್ಲಿ, ೧೮೬೪ರಲ್ಲಿ, ಪತ್ನಿ ತೀರಿಕೊಂಡರು. ಕಿಟೆಲರು ಸ್ವದೇಶಕ್ಕೆ ಮರಳಿದರು. ಅಲ್ಲಿಯೇ ಉಳಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ೧೮೬೭ರಲ್ಲಿ ಪತ್ನಿಯ ತಂಗಿ ಜೂಲಿ ಅವರನ್ನು ವರಿಸಿ ಮತ್ತೆ ಕನ್ನಡನಾಡಿಗೆ ಬಂದರು. ಮಂಗಳೂರು, ಮಡಿಕೇರಿ, ಧಾರವಾಡ, ಹುಬ್ಬಳ್ಳಿ ಮೊದಲಾದ ಕಡೆಗಳಲ್ಲಿ ಅವರ ಬಾಳು ಸಾಗಿತು. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚುಹಾಕಿಸಿದರು. ಒಂದು ಕನ್ನಡದ ವ್ಯಾಕರಣ, ಇನ್ನೊಂದು ಕನ್ನಡದ ಛಂದಶ್ಶಾಸ್ತ್ರ. ತಾಳೆಗರಿಗಳಲ್ಲಿ ಅಡಗಿದ್ದ ವಿದ್ಯೆಯು ಹೀಗೆ ಶಾಲಾ ಕಾಲೇಜುಗಳ ಕೈಗೆ ದೊರೆಯುವಂತಾಯಿತು.

ಅವರ ಜೀವಿತದ ಮಹಾಕಾರ್ಯವೆಂದರೆ ಕನ್ನಡ-ಇಂಗ್ಲಿಷ್ ನಿಘಂಟು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಮಿಷನರಿ ಸಿದ್ಧಪಡಿಸಿದ ನಿಘಂಟು ೧೮೩೨ರಲ್ಲಿಯೇ ಪ್ರಕಟವಾಗಿದ್ದಿತು. ಆದರೆ ಪ್ರಾಚೀನ ಕಾವ್ಯಗಳಿಂದ ಹಿಡಿದು ಹೊಲಗದ್ದೆಗಳ ಮಾತಿನವರೆಗೆ ಕನ್ನಡದ ಪದಸಂಪತ್ತನ್ನು ಒಟ್ಟುಗೂಡಿಸುವ ಕೆಲಸ ಇನ್ನೂ ಆಗಬೇಕಾಗಿದ್ದಿತು. ೧೮೭೭ರಲ್ಲಿ ಜರ್ಮನಿಗೆ ಹೋಗಿದ್ದ ಕಿಟೆಲರು ಈ ಕೆಲಸಕ್ಕಾಗಿ ೧೮೮೩ರಲ್ಲಿ, ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ, ಮೂರನೆಯ ಬಾರಿ ಭಾರತಕ್ಕೆ ಬಂದರು. ಕನ್ನಡ ಪಂಡಿತರ ನೆರವಿನಿಂದ ವರ್ಷಗಟ್ಟಲೆ ದುಡಿದರು. ೧೮೯೨ರಲ್ಲಿ ಅವರು ಈ ನಾಡನ್ನು ಕೊನೆಯ ಬಾರಿ ಬಿಟ್ಟರು. ೧೮೯೪ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಗಿ ಹೊರಬಂದಿತು. ಅದರಲ್ಲಿ ಸುಮಾರು ೭೦,೦೦೦ ಪದಗಳಿವೆ.

ಈ ನಿಘಂಟಿನ ವೈಶಿಷ್ಟ್ಯ ಅದರ ಗಾತ್ರವೊಂದೇ ಅಲ್ಲ. ಪದದ ಅರ್ಥದೊಡನೆ ಕವಿಗಳ ಪ್ರಯೋಗಗಳೂ ಗಾದೆಗಳೂ ಅಲ್ಲಲ್ಲಿ ದೊರೆಯುತ್ತವೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿರುವ ಆ ಪದದ ಸೋದರರೂಪಗಳೂ ಕಾಣುತ್ತವೆ. ಪ್ರಾಚೀನ ಕವಿಗಳ ಪದಗಳ ನೆರೆಯಲ್ಲಿಯೇ ರೈತನ ನೇಗಿಲು, ಕುಂಟೆ, ಕೂರಿಗೆಗಳಿಗೂ ಸ್ಥಾನವಿದೆ. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಆಗ ಕನ್ನಡನಾಡು ಒಂದಾಗಿರಲಿಲ್ಲ. ಧಾರವಾಡವು ಮುಂಬಯಿ ಪ್ರಾಂತಕ್ಕೆ, ಮಂಗಳೂರು ಮದರಾಸು ಪ್ರಾಂತಕ್ಕೆ, ಚಿತ್ರದುರ್ಗವು ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಕಿಟೆಲರು ಒಂದು ಪದವು ಮೈಸೂರು ಸೀಮೆಯದೋ ಧಾರವಾಡದ ಕಡೆಯದೋ ಎಂಬುದನ್ನು ಸಂಕೇತಾಕ್ಷರಗಳಿಂದ ಗುರುತಿಸಿದರು. ಆದರೆ ಎಲ್ಲವನ್ನೂ ಒಂದೇ ಅಕಾರಾದಿಯಲ್ಲಿ ಕೂಡಿಸಿದರು. ರಾಜ್ಯದ ಭೂಪಟದಲ್ಲಿ ಕನ್ನಡಿಗರು ಒಂದಾದುದು ೧೯೫೬ರಲ್ಲಿ. ಅದಕ್ಕೆ ಆರು ದಶಕಗಳಿಗೂ ಮೊದಲೇ ಅವರ ಮಾತು ಈ ಪುಸ್ತಕದಲ್ಲಿ ಒಂದಾಗಿದ್ದಿತು.

ಕಿಟೆಲರು ಚಿತ್ರದುರ್ಗದ ಸೀಮೆಯಲ್ಲಿ ನೆಲೆಸಿದವರಲ್ಲ. ಆದರೆ ಮಿಷನರಿ ಶಿಕ್ಷಕರೊಬ್ಬರ ಮಗನ ಹೆಜ್ಜೆಗಳು ಈ ಸೀಮೆಯ ಊರೂರುಗಳಲ್ಲಿ ಮೂಡಿವೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಎಂಬುವರು ಬೆಂಗಳೂರಿನಲ್ಲಿ ನೆಲೆಸಿ, ಸುಮಾರು ಅರ್ಧ ಶತಮಾನ ದುಡಿದು, ೧೮೮೭ರಲ್ಲಿ ನಿಧನರಾದರು. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರ ಮಗ ಬಿ. ಎಲ್. ರೈಸ್. ತಂದೆ ಶ್ರಮಪಟ್ಟು ಕಲಿತ ಕನ್ನಡ ಮಗನಿಗೆ ಹುಟ್ಟೂರಿನ ಮಾತಾಯಿತು. ಅವರು ಮೊದಲು ಶಿಕ್ಷಕರಾಗಿ, ಅನಂತರ ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಯ ಮುಖ್ಯಾಧಿಕಾರಿಯಾಗಿ ಸೇವೆ ಸಲ್ಲಿಸಿದರು. ಹೋಬಳಿಗಳಲ್ಲಿ ಶಾಲೆಗಳು ತೆರೆಯುವಂತೆ ಮಾಡಿದರು. ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಹೊರತಂದರು. ಅವುಗಳಲ್ಲಿ ಹನ್ನೊಂದನೆಯದು ಚಿತ್ರದುರ್ಗ ಜಿಲ್ಲೆಯದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಲ್ಲುಗಳು ಅದರಲ್ಲಿ ಮಾತನಾಡುತ್ತವೆ.

ಕಿಟೆಲರು ಭಾರತವನ್ನು ಬಿಟ್ಟ ೧೮೯೨ರಲ್ಲಿಯೇ ರೈಸರು ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅವುಗಳನ್ನು ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ಕೊನೆಯ ಒಂದು ಪದವನ್ನು ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಭಾರತದ ವಾಯವ್ಯ ಗಡಿಯ ಲಿಪಿ. ದೂರದಿಂದ ಬಂದು, ಈ ನೆಲದಲ್ಲಿ ಅಕ್ಷರವನ್ನು ಉಳಿಸಿ ಹೋದವರ ಸಾಲು ಬಹಳ ಹಿಂದಿನದು.

ಕಿಟೆಲರು ಮಿಷನರಿಯಾಗಿಯೇ ಬಂದರು, ಮಿಷನರಿಯಾಗಿಯೇ ಉಳಿದರು. ತಾವು ನಂಬಿದ ಮತವನ್ನು ಹರಡುವುದು ಅವರ ಉದ್ದೇಶವಾಗಿದ್ದಿತೆಂಬುದನ್ನು ನಾವು ಮರೆಮಾಡಬೇಕಾಗಿಲ್ಲ. ಆದರೆ ಉದ್ದೇಶ ಯಾವುದೇ ಇರಲಿ, ಅನ್ಯರ ನುಡಿಯನ್ನು ಗೌರವದಿಂದ ಕಲಿತವನನ್ನು ಆ ನುಡಿ ತನ್ನವನನ್ನಾಗಿ ಮಾಡಿಕೊಳ್ಳುತ್ತದೆ. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ತಾಯ್ನಾಡಿನಲ್ಲಿದ್ದರೂ ಅವರ ಲೇಖನಿ ಕನ್ನಡವನ್ನು ಬಿಡಲಿಲ್ಲ. ಅವರ ಕನ್ನಡ ವ್ಯಾಕರಣ ೧೯೦೩ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಮದರಾಸು ವಿಶ್ವವಿದ್ಯಾಲಯವು ಅವರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ಮತ್ತೆ ಪ್ರಕಟಿಸಿತು.

ನಾಳೆ ನಮ್ಮಲ್ಲಿ ಕೆಲವರು ಉದ್ಯೋಗಕ್ಕಾಗಿಯೋ ವಿದ್ಯೆಗಾಗಿಯೋ ಪರಸ್ಥಳಗಳಿಗೆ ಹೋಗಬಹುದು. ಕೆಲವರು ಶಿಕ್ಷಕರಾಗಿಯೇ ಹೋಗಬಹುದು. ಅಲ್ಲಿಯ ಜನರಿಗೆ ಕಲಿಸುವ ಮೊದಲು ಅವರಿಂದ ಕಲಿಯಬೇಕಾದುದೇನು ಎಂದು ಕೇಳಿಕೊಂಡವನಿಗೆ ಆ ಸ್ಥಳ ಪರಸ್ಥಳವಾಗಿ ಉಳಿಯುವುದಿಲ್ಲ. ‘ಹಲ್ಲಿ’ಗೂ ‘ಹಳ್ಳಿ’ಗೂ ಇರುವ ಭೇದವನ್ನು ಹಿಡಿಯಲು ಹೆಣಗುತ್ತ ಕುಳಿತ ಆ ಇಪ್ಪತ್ತೊಂದರ ತರುಣನು ನಮಗೆ ಬಿಟ್ಟುಹೋದ ಪಾಠ ಇದು.

ಪದಗಳ ಅರ್ಥ

ಧಾಟಿ – ರೀತಿ, ಶೈಲಿ
ಠಾಣ್ಯ – ಕೆಲಸಕ್ಕಾಗಿ ನೆಲೆಸುವ ಸ್ಥಳ
ಅಕಾರಾದಿ – ಅಕ್ಷರಗಳ ಕ್ರಮದಲ್ಲಿ ಜೋಡಿಸಿದ ಪಟ್ಟಿ
ಕೂರಿಗೆ – ಬೀಜ ಬಿತ್ತುವ ಸಾಧನ

ಅಭ್ಯಾಸ

೧. ಪರದೇಶಕ್ಕೆ ಬಂದ ಹೊಸಬನ ಮುಂದಿದ್ದ ಎರಡು ದಾರಿಗಳು ಯಾವುವು? ಕಿಟೆಲರು ಯಾವುದನ್ನು ಆರಿಸಿಕೊಂಡರು?
೨. ಕಿಟೆಲರ ಸಹೋದ್ಯೋಗಿಗಳು ಅವರನ್ನು ಟೀಕಿಸಲು ಕಾರಣವೇನು? ಆ ಟೀಕೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?
೩. ‘ಭಾಷೆಯನ್ನು ಕಲಿಯುವುದೆಂದರೆ ಅದನ್ನಾಡುವ ಜನರ ಬಾಳನ್ನು ಅರಿಯುವುದು.’ ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
೪. ನಿಮ್ಮ ಊರಿನಲ್ಲಿ ಮಾತ್ರ ಬಳಕೆಯಲ್ಲಿರುವ ಹತ್ತು ಪದಗಳನ್ನು ಹಿರಿಯರಿಂದ ಕೇಳಿ, ಅಕಾರಾದಿಯಾಗಿ ಬರೆದು, ಅರ್ಥಗಳನ್ನು ಕೊಡಿರಿ.