ಸಂಸತ್ತಿನ ಪ್ರತಿಮೆಗಳೂ ಜಂಗಮತತ್ತ್ವವೂ



ದೆಹಲಿಯ ಸಂಸತ್ತಿನ ಆವರಣದಲ್ಲಿ ಬಸವಣ್ಣನವರ ಪ್ರತಿಮೆಯಿರುವುದನ್ನು ನಮ್ಮ ಭಕ್ತರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಈ ಹೆಮ್ಮೆ ಸಹಜವಾದುದೇ. ಆದರೆ ಸ್ಥಾವರಕ್ಕಿಂತ ಜಂಗಮವು ಹಿರಿದೆಂದು ಸಾರಿದ ಮಹಾಪುರುಷರನ್ನೇ ಸ್ಥಾವರವಾಗಿ ನಿಲ್ಲಿಸಿರುವಾಗ, ಆ ಪ್ರತಿಮೆಯನ್ನು ನಾವು ಯಾವ ದೃಷ್ಟಿಯಿಂದ ನೋಡತಕ್ಕದ್ದು? ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ.

ಪರರ ಆಳ್ವಿಕೆಯ ಕಾಲದಲ್ಲಿ, ೧೯೨೭ರಲ್ಲಿ, ಉದ್ಘಾಟನೆಗೊಂಡ ವರ್ತುಲಾಕಾರದ ಆ ಭವನದ ಸುತ್ತ, ಸ್ವಾತಂತ್ರ್ಯಾನಂತರ ಒಂದೊಂದಾಗಿ ಪ್ರತಿಮೆಗಳು ಬಂದು ನಿಂತವು. ೧೯೬೭ನೆಯ ಏಪ್ರಿಲ್ ೨ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಡಾ. ಅಂಬೇಡ್ಕರರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಶಿಲ್ಪಿ ಬಿ. ವಿ. ವಾಘ್ ಅವರು ಅದರ ಎಡಗೈಯಲ್ಲಿ ಸಂವಿಧಾನವನ್ನಿರಿಸಿ, ಬಲಗೈ ಮುಂದಿನ ದಾರಿಯನ್ನು ತೋರುವಂತೆ ರೂಪಿಸಿದ್ದಾರೆ. ೧೯೯೩ನೆಯ ಅಕ್ಟೋಬರ್ ೨ರಂದು ಧ್ಯಾನಾಸೀನರಾದ ಗಾಂಧೀಜಿಯವರ ೧೬ ಅಡಿ ಎತ್ತರದ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅದು ರಾಮ ಸುತಾರರ ಕೃತಿ. ೨೦೦೩ನೆಯ ಏಪ್ರಿಲ್ ೨೮ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಬಸವಣ್ಣನವರ ಪ್ರತಿಮೆಯೂ, ೨೦೦೭ನೆಯ ಸೆಪ್ಟೆಂಬರ್ ೧೧ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲರಿಂದ ಕಿತ್ತೂರು ರಾಣಿ ಚೆನ್ನಮ್ಮನ ಪ್ರತಿಮೆಯೂ ಅನಾವರಣಗೊಂಡವು. ಹಿಲ್ಡಾ ಸೆಲಿಗ್ಮನ್ ಎಂಬ ಆಂಗ್ಲ ಮಹಿಳೆ ರಚಿಸಿದ ಚಂದ್ರಗುಪ್ತ ಮೌರ್ಯನ ಮೂರ್ತಿಯೂ ಅಲ್ಲಿದೆ. ಅಲ್ಲಿ ಅವನು ಕಿರೀಟಧಾರಿಯಾದ ಚಕ್ರವರ್ತಿಯಲ್ಲ. ನಾಳಿನ ನಾಡಿನ ಕನಸು ಕಾಣುವ ಕುರಿಗಾಹಿ ಬಾಲಕ.

ಈಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೧೯೪೯ನೆಯ ನವೆಂಬರ್ ೨೫ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರರು, ಧರ್ಮದಲ್ಲಿ ಭಕ್ತಿಯು ಆತ್ಮೋದ್ಧಾರಕ್ಕೆ ದಾರಿಯಾಗಬಹುದಾದರೂ ರಾಜಕಾರಣದಲ್ಲಿ ವ್ಯಕ್ತಿಪೂಜೆಯು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ಒಯ್ಯುವುದೆಂದು ಎಚ್ಚರಿಸಿದರು. ಹೀಗೆ ಎಚ್ಚರಿಸಿದವರ ಪ್ರತಿಮೆಗೇ ಇಂದು ಮಾಲೆಗಳು ಬೀಳುತ್ತಿವೆ. ಮಾಲೆ ಹಾಕುವುದು ತಪ್ಪಲ್ಲ. ಮಾಲೆ ಹಾಕಿ ಮಾತನ್ನು ಮರೆಯುವುದು ತಪ್ಪು.

ಭಕ್ತಿಯನ್ನೇ ಬಾಳಿನ ಉಸಿರೆಂದು ಬಗೆದ ನಮಗೆ ಈ ಮಾತು ಕಠಿನವೆನಿಸಬಹುದು. ಆದರೆ ಶರಣರ ಭಕ್ತಿ ಪ್ರಶ್ನೆಗೆ ಅಂಜಿದ ಭಕ್ತಿಯಲ್ಲ. ಶೂನ್ಯಸಂಪಾದನೆಯ ಪ್ರಸಂಗವನ್ನು ನೆನೆಯಿರಿ. ಸೊನ್ನಲಿಗೆಯಲ್ಲಿ ಕೆರೆಗಳನ್ನೂ ಗುಡಿಗಳನ್ನೂ ಕಟ್ಟಿಸುತ್ತಿದ್ದ ಸಿದ್ಧರಾಮಯ್ಯನವರನ್ನು ಅಲ್ಲಮಪ್ರಭುಗಳು ಎದುರುಗೊಂಡು ಪ್ರಶ್ನಿಸಿದರು. ಲೋಕೋಪಕಾರದ ಕಾರ್ಯವೇ ಆದರೂ, ‘ನಾನು ಮಾಡಿದೆ’ ಎಂಬ ಭಾವ ಅದಕ್ಕಂಟಿದರೆ ಬಂಧನವೇ ಸರಿ ಎಂಬುದನ್ನು ಮನಗಾಣಿಸಿದರು. ಆ ಬಳಿಕ ಸಿದ್ಧರಾಮಯ್ಯನವರು ಕಲ್ಯಾಣದ ದಾರಿ ಹಿಡಿದರು. ಕಟ್ಟಿ ನಿಲ್ಲಿಸಿದುದು ಸ್ಥಾವರ. ಅರಿವು ಆಚಾರವಾಗಿ ನಡೆದಾಡಿದರೆ ಅದು ಜಂಗಮ.

ಸ್ಥಾವರದ ಮಿತಿ ನಮ್ಮ ಕಾಲದಲ್ಲಿಯೂ ಕಣ್ಣಿಗೆ ಬಿದ್ದಿದೆ. ಗಾಂಧೀಜಿಯವರ ಪ್ರತಿಮೆಯ ಮುಂದೆ ಸಂಸತ್ಸದಸ್ಯರು ಧರಣಿ ಕುಳಿತು ಪ್ರತಿಭಟಿಸುವ ಪರಿಪಾಠವಿತ್ತು. ಹೊಸ ಭವನದ ನಿರ್ಮಾಣಕಾಲದಲ್ಲಿ, ೨೦೨೧ರಲ್ಲಿ, ಆ ಪ್ರತಿಮೆ ಸ್ಥಳಾಂತರಗೊಂಡಿತು. ಅನಂತರ ಅದನ್ನೂ ಆವರಣದ ಇತರ ಪ್ರತಿಮೆಗಳನ್ನೂ ಒಂದೆಡೆ ಸೇರಿಸಿ ರಚಿಸಿದ ‘ಪ್ರೇರಣಾ ಸ್ಥಳ’ವು ೨೦೨೪ನೆಯ ಜೂನ್ ೧೬ರಂದು ಉದ್ಘಾಟನೆಯಾಯಿತು. ಎಲ್ಲರೂ ಒಂದೆಡೆ ನೋಡಲು ಅನುಕೂಲವೆಂದು ಒಂದು ಪಕ್ಷ; ತಮ್ಮನ್ನು ಕೇಳದೆ ಪ್ರಮುಖ ಸ್ಥಳದಿಂದ ತೆಗೆದರೆಂದು ಮತ್ತೊಂದು ಪಕ್ಷ. ಈ ವಿವಾದ ಕ್ಷುಲ್ಲಕವಲ್ಲ. ಪ್ರಶ್ನಿಸುವವರಿಗೆ ನಿಲ್ಲುವ ನೆಲ ಬೇಕು. ಆದರೂ ಕಂಚನ್ನು ಎತ್ತಿಡಲು ಯಂತ್ರ ಸಾಕು. ಮನುಷ್ಯನ ನಡತೆಯಲ್ಲಿ ನೆಲೆಗೊಂಡ ತತ್ತ್ವವನ್ನು ಯಾವ ಯಂತ್ರ ಎತ್ತಿಡಬಲ್ಲದು?

ಆದುದರಿಂದ ಗೃಹಸ್ಥ ಭಕ್ತರು ಬಸವಜಯಂತಿಯಂದು ಮಾಲೆ ಹಿಡಿದು ಹೊರಡುವ ಮುನ್ನ ತಮ್ಮನ್ನು ತಾವೇ ಕೇಳಿಕೊಳ್ಳಲಿ. ನನ್ನ ಗಳಿಕೆ ಸತ್ಯಶುದ್ಧ ಕಾಯಕದಿಂದ ಬಂದುದೇ? ನನ್ನ ಮನೆಯ ಪಂಕ್ತಿಯಲ್ಲಿ ಕುಲ ಕೇಳದೆ ಎಲೆ ಹಾಕುವೆನೇ? ಮನೆಯ ಹೆಣ್ಣುಮಕ್ಕಳ ಮಾತಿಗೆ ನನ್ನಲ್ಲಿ ಮನ್ನಣೆಯುಂಟೇ? ಆ ಸಂಸತ್ತಿಗೆ ಪ್ರತಿನಿಧಿಯನ್ನು ಆರಿಸುವಾಗ ಜಾತಿಗೂ ಹಣಕ್ಕೂ ಮತವನ್ನು ಮಾರದೆ ಉಳಿದೆನೇ?

ಇವಕ್ಕೆ ನಿರ್ಮಲವಾದ ಉತ್ತರ ದೊರೆತ ದಿನ, ದೆಹಲಿಯಲ್ಲಿ ಸ್ಥಾವರವಾಗಿ ನಿಂತ ಬಸವಣ್ಣನವರು ನಮ್ಮ ಮನೆಯಂಗಳದಲ್ಲಿ ಜಂಗಮವಾಗಿ ನಡೆದಾಡುವರು. ಪ್ರತಿಮೆ ಸಾರ್ಥಕವಾಗುವುದು ಅಂದೇ.