ಕರೆಂಟು ಹೋಗುವ ಊರಲ್ಲಿ ಎದೆಹಾಲು

26 ವಾರದ ಹೆರಿಗೆ ರಜೆ ಮುಗಿಸಿ ಕುಂದಾಪುರದ ಕೆಲಸಕ್ಕೆ ಹೊರಟದ್ದು ಜೂನ್‌ನಲ್ಲಿ. ಕೆರಾಡಿಯಲ್ಲಿ ಮಳೆ ಹಿಡಿಯಿತೆಂದರೆ ಮರ ಬಿದ್ದು ಕರೆಂಟು ಹೋಗುವುದು ಮಾಮೂಲು. ಎದೆಹಾಲು ಹಿಂಡಿ ಫ್ರೀಜರಿನಲ್ಲಿಡುತ್ತೇನೆಂದಾಗ ಅಮ್ಮನ ಚಿಂತೆಯೇ ಬೇರೆ: "ಐಸ್ ಆದ್ ಹಾಲ್ ಕೊಟ್ರೆ ಮಗಿಗೆ ಥಂಡಿ ಆತಿಲ್ಯಾ ಮಾರಾಯ್ತಿ?"

ಥಂಡಿಯ ಭಯವಿಲ್ಲ, ಭಯವಿರುವುದು ಕರಗಿ ಹೊರಗೆ ಕೂತ ಹಾಲಿನದು. ಐಸಾದಾಗ ಸೂಕ್ಷ್ಮಜೀವಿಗಳೆಲ್ಲ ಸಾಯುವುದಿಲ್ಲ, ಕರಗಿ ಬೆಚ್ಚಗಾದರೆ ಮತ್ತೆ ಬೆಳೆಯುತ್ತವೆ. ಆಗಷ್ಟೇ ಹಿಂಡಿದ ಹಾಲು ಹೊರಗೆ 4 ಗಂಟೆ ಇರುತ್ತದೆನ್ನುವುದೂ 25 ಡಿಗ್ರಿಯೊಳಗಿನ ಕೋಣೆಯ ಲೆಕ್ಕ. ನಮ್ಮ ಏಪ್ರಿಲ್ ಸೆಕೆಗೆ ಅದನ್ನು ನಂಬಬಾರದು. ಫ್ರಿಜ್ಜಿನಲ್ಲಿ 4 ದಿನ, ಬೇರೆ ಬಾಗಿಲಿರುವ ಫ್ರೀಜರಿನಲ್ಲಿ 6 ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಐಸ್ ಗೂಡಾದರೆ ಎರಡೇ ವಾರ.

ರಾತ್ರಿ ಮಲಗುವ ಮುಂಚೆ ನಾಳೆಗೆ ಬೇಕಾದಷ್ಟನ್ನು, ಹಳೆಯ ತಾರೀಕಿನದನ್ನೇ ಮೊದಲು, ಫ್ರೀಜರಿನಿಂದ ಕೆಳಗಿಳಿಸುತ್ತಿದ್ದೆ. ಪೂರ್ತಿ ಕರಗಿದ ಮೇಲೆ ಫ್ರಿಜ್ಜಿನಲ್ಲೇ ಇದ್ದರೂ 24 ಗಂಟೆಯೊಳಗೆ ಮುಗಿಸಬೇಕು. ಅವಸರವಿದ್ದರೆ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಬಹುದು. ಒಲೆಯ ಮೇಲೆ ನೇರ ಇಡುವುದು, ಮೈಕ್ರೋವೇವ್ ಎರಡೂ ಬೇಡ. ಹಾಲು ಅಲ್ಲಲ್ಲಿ ಕುದಿಬಿಸಿಯಾಗಿ ಮಗುವಿನ ಬಾಯಿ ಸುಡುತ್ತದೆ. ಬೆಚ್ಚಗೆ ಮಾಡಿದ್ದಕ್ಕೂ, ಮಗು ಕುಡಿದು ಬಿಟ್ಟದ್ದಕ್ಕೂ 2 ಗಂಟೆಯ ಆಯುಸ್ಸು. ಮಿಕ್ಕದ್ದನ್ನು ಚೆಲ್ಲಲು ಅಮ್ಮನಿಗೆ ಕೈ ಬರುತ್ತಿರಲಿಲ್ಲ (ಹಿಂಡಿದವಳ ಸಂಕಟ ಕೇಳುವುದೇ ಬೇಡ). ಹಾಗಾಗಿ 60 ಮಿಲಿಲೀಟರಿನ ಪುಟ್ಟ ಡಬ್ಬಿಗಳೇ ವಾಸಿ. ಐಸಾಗುವಾಗ ಹಾಲು ಉಬ್ಬುವುದರಿಂದ ಕಂಠಪೂರ್ತಿ ತುಂಬಬಾರದು.

ಇನ್ನು ಕರೆಂಟಿನ ಕಥೆ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದು 24. ಅದಕ್ಕೇ ಖಾಲಿ ಜಾಗಕ್ಕೆಲ್ಲ ನೀರಿನ ಬಾಟ್ಲಿ ತುರುಕಿದ್ದೆ. ಒಂದು ಲೋಟ ನೀರು ಐಸ್ ಮಾಡಿ ಮೇಲೊಂದು ನಾಣ್ಯ ಇಡುವುದು ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಉಪಾಯ. ನಾವೆಲ್ಲ ಇಲ್ಲದಾಗ ಕರೆಂಟು ಹೋಗಿ ಬಂದಿದ್ದರೂ ನಾಣ್ಯ ತಳ ಸೇರಿದ್ದರೆ ಗುಟ್ಟು ರಟ್ಟು: ಹಾಲೂ ಕರಗಿ ಮತ್ತೆ ಗಟ್ಟಿಯಾಗಿದೆ, ಅದನ್ನು ಕೊಡುವಂತಿಲ್ಲ. ಕರೆಂಟು ಬಂದಾಗ ಹಾಲಿನಲ್ಲಿ ಇನ್ನೂ ಐಸಿನ ಹರಳು ಉಳಿದಿದ್ದರೆ ಮತ್ತೆ ಫ್ರೀಜ್ ಆಗಲು ಬಿಡಬಹುದು. ಪೂರ್ತಿ ಕರಗಿಯೂ ತಣ್ಣಗಿದ್ದರೆ ಕೆಳಗಿನ ಫ್ರಿಜ್ಜಿಗೆ ಇಳಿಸಿ ಒಂದು ದಿನದೊಳಗೆ ಕುಡಿಸಬೇಕು.

ಕರಗಿದ ಹಾಲು ಒಮ್ಮೊಮ್ಮೆ ಸೋಪಿನ ವಾಸನೆ ಹೊಡೆಯುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಹಾಗೆ, ಕೆಟ್ಟಿದೆಯೆಂದಲ್ಲ. ಅಮ್ಮ ಮೂಸಿ ಮುಖ ಸಿಂಡರಿಸಿದಳು. ಮಗು ಒಳಲೆ ಖಾಲಿ ಮಾಡಿ ಇನ್ನಷ್ಟು ಕೇಳಿತು.