ಆಕ್ಸಲ್ಲಿಗೆ ಮೋಟಾರ್ ಕೂರಿಸುವ ಮುನ್ನ

ಗುಡಗೇರಿ ಸ್ಟೇಷನ್ನಿಗೆ, ಹೊಲಕ್ಕೆ, ಸಂಶಿಗೆ ಸೈಕಲ್ ತುಳಿದು ಮೊಣಕಾಲು ಸೋತವರು ಈಗ ಮೋಟಾರ್ ಕಿಟ್ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಹೆಚ್ಚಿನವು ಗಾಲಿಯ ಹಬ್ಬಿನೊಳಗೇ ಮೋಟಾರ್ ಇರುವ ಬ್ಯಾಟರಿ ಕಿಟ್‌ಗಳು. ಅಪರೂಪಕ್ಕೊಬ್ಬರು ಕಳೆ ಕತ್ತರಿಸುವ ಯಂತ್ರದ ಪೆಟ್ರೋಲ್ ಎಂಜಿನ್ ತಂದು, ಹಿಂದಿನ ಆಕ್ಸಲ್ಲಿಗೆ ಪಟ್ಟಿ ಕೊಟ್ಟು ಕೂರಿಸಿಕೊಡಿ ಅನ್ನುತ್ತಾರೆ. ಎರಡರಲ್ಲೂ ಭಾರ ಹೊರುವುದು ಆಕ್ಸಲ್ಲೇ, ಹಾಗಾಗಿ ಕಿಟ್‌ಗಿಂತ ಮೊದಲು ಅದನ್ನು ನೋಡಬೇಕು.

1. ಹಳೆಯ ಸೈಕಲ್ಲಿನ ಮುಂದಿನ ಆಕ್ಸಲ್ ಸುಮಾರು 8 ಮಿಲಿಮೀಟರ್ ದಪ್ಪ. ಮೋಟಾರಿನ ಆಕ್ಸಲ್ ಎರಡು ಕಡೆ ಚಪ್ಪಟೆ, ಆ ಚಪ್ಪಟೆ ಭಾಗವೇ 10 ಮಿಲಿಮೀಟರ್. ಫೋರ್ಕಿನ ಕಚ್ಚನ್ನು ಅರದಿಂದ ಉಜ್ಜಿ ಅಗಲಿಸದೆ ಅದು ಕೂರುವುದಿಲ್ಲ. ಎರಡೂ ಬದಿ ಸಮ ಉಜ್ಜಬೇಕು, ಆಳ ಹೆಚ್ಚಿಸಬಾರದು. ಸಡಿಲ ಬಿಟ್ಟರೆ ಏನಾಗುತ್ತದೆ ಅಂದರೆ, ಮೋಟಾರ್ ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. 30 ನ್ಯೂಟನ್ ಮೀಟರ್ ತಿರುಚುಬಲದ ಸಣ್ಣ ಮೋಟಾರ್ ಕೂಡ ಒಂದು ಸೆಂಟಿಮೀಟರ್ ಅಗಲದ ಆ ಕಚ್ಚಿನ ಮೇಲೆ ಹತ್ತಿರ ಹತ್ತಿರ 300 ಕಿಲೋ ಒತ್ತಡ ಹಾಕುತ್ತದೆ. ನಟ್ಟು ಬಿಗಿ ಮಾಡಿದರಷ್ಟೇ ಇದು ನಿಲ್ಲುವುದಿಲ್ಲ. 10 ನಂಬರಿನ ಪಾನಾ ಒಂದನ್ನು ಆ ಚಪ್ಪಟೆ ಭಾಗಕ್ಕೆ ಕಚ್ಚಿಸಿ, ಅದರ ಬಾಲವನ್ನು ಫೋರ್ಕಿನ ಕಾಲಿಗೆ ಕ್ಲಾಂಪಿನಿಂದ ಬಿಗಿಯುತ್ತೇನೆ. ಆಕ್ಸಲ್ ಒಮ್ಮೆ ತಿರುಗಿತೆಂದರೆ ಅದರೊಳಗಿಂದ ಬರುವ ವೈರುಗಳು ಹುರಿಗೊಂಡು ತುಂಡಾಗುತ್ತವೆ, ಗಾಲಿ ಕಳಚಿ ಸವಾರ ಮುಖ ಅಡಿಯಾಗಿ ಬೀಳಬಹುದು. ಅಲ್ಯೂಮಿನಿಯಂ ಫೋರ್ಕಿಗೆ ನಾನು ಮೋಟಾರ್ ಹಾಕುವುದೇ ಇಲ್ಲ. ಉಕ್ಕು ಬಾಗುತ್ತದೆ, ಅಲ್ಯೂಮಿನಿಯಂ ಸುಳಿವೇ ಕೊಡದೆ ಮುರಿಯುತ್ತದೆ.

2. ರಿಮ್ಮಿನ ತೂತು ಎಣಿಸಿ. ನಮ್ಮ ಹಳೆಯ 28 ಇಂಚಿನ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ಮೋಟಾರಿನ ಹಬ್ಬಿಗೆ ಸಾಮಾನ್ಯವಾಗಿ 36. ಅಂದರೆ ಹಳೆಯ ರಿಮ್ಮು ಬರುವುದಿಲ್ಲ, ಹೊಸದೇ ಬೇಕು. ಹೇಗೂ ಹೊಸದು ಕೊಳ್ಳುತ್ತೀರಿ, ಪಕ್ಕ ಚಪ್ಪಟೆ ಇರುವುದನ್ನೇ ಕೊಳ್ಳಿ, ಕೇಬಲ್ ಬ್ರೇಕ್ ಹಾಕಬಹುದು. ಕಿಟ್ಟಿನ ಬ್ರೇಕ್ ಹಿಡಿಯಲ್ಲಿ ಒಂದು ಸ್ವಿಚ್ ಇರುತ್ತದೆ, ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವುದು ಅದೇ. ಹಳೆಯ ಸೈಕಲ್ಲಿನ ಸರಳಿನ ಬ್ರೇಕಿಗೆ ಈ ಸ್ವಿಚ್ ಹೊಂದುವುದಿಲ್ಲ. ಅದಿಲ್ಲದೆ ಮೋಟಾರ್ ಹಾಕಿದ ಸೈಕಲ್ ಓಡಿಸಲು ನಾನು ಯಾರಿಗೂ ಹೇಳಲಾರೆ.

3. ಹೊಲದ ದಾರಿಯಲ್ಲಿ ಜಾಲಿಮುಳ್ಳು ತಪ್ಪಿದ್ದಲ್ಲ. ಪಂಕ್ಚರ್ ಆದಾಗ ಮೋಟಾರ್ ಗಾಲಿ ಬಿಚ್ಚುವುದೆಂದರೆ ವೈರು, ಪಾನಾ, ವಾಶರ್ ಎಲ್ಲ ಬಿಚ್ಚಬೇಕು. "ಗಾಲಿ ಬಿಚ್ಚಬ್ಯಾಡ್ರಿ ಕಾಕಾ, ಒಂದ್ ಬಾಜೂಕ ಟೈರ್ ಎಬ್ಬಿಸಿ ಟ್ಯೂಬ್ ಹೊರಗ ಎಳೀರಿ, ಅಲ್ಲೇ ಪ್ಯಾಚ್ ಹಚ್ಚರಿ" ಎಂದು ಪ್ರತಿಯೊಬ್ಬರಿಗೂ ಕಲಿಸಿಯೇ ಕಳಿಸುತ್ತೇನೆ.

4. ಪೆಟ್ರೋಲ್ ಎಂಜಿನ್ನಿನ ಆಸೆ ಹಳೆಯದು. ಹೋಂಡಾ ಕಂಪನಿ 1952ರಲ್ಲಿ ಕಬ್ ಎಫ್ ಎಂಬ 50 ಸಿಸಿ ಎಂಜಿನ್ನನ್ನು ಜಪಾನಿನ ಸೈಕಲ್ ಅಂಗಡಿಗಳ ಮೂಲಕವೇ ಮಾರಿತು; ಅದು ಹಿಂದಿನ ಗಾಲಿಯ ಎಡಬದಿಗೆ ಕೂರುತ್ತಿತ್ತು. ಈ ಬಗೆಯ ಜೋಡಣೆಯಲ್ಲಿ ನಿಜವಾದ ಲಾಭವಿದೆ: ಫ್ರೇಮಿಗೆ ತೂತು ಕೊರೆಯುವುದು ಬೇಡ, ಭಾರ ಕೆಳಗಿರುತ್ತದೆ, ಬೇಡವಾದಾಗ ಬಿಚ್ಚಿಡಬಹುದು. ಆದರೆ ಕಳೆ ಯಂತ್ರದ ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುತ್ತದೆ. 28 ಇಂಚಿನ ಗಾಲಿ ಗಂಟೆಗೆ 25 ಕಿಲೋಮೀಟರ್ ಓಡಲು ನಿಮಿಷಕ್ಕೆ 190 ಸುತ್ತು ಸಾಕು. ಸುಮಾರು 37 ಪಟ್ಟು ಇಳಿಸುವ ಗೇರ್ ಪೆಟ್ಟಿಗೆ ಬೇಕು, ತಾನಾಗಿ ಬಿಡುವ ಕ್ಲಚ್ ಬೇಕು. ಇದೆಲ್ಲ ಆಕ್ಸಲ್ಲಿನ ಹಿಂದೆ ಜೋತು ಬೀಳುತ್ತದೆ. ಅದುರುವಿಕೆಗೆ ನಟ್ಟು ಸಡಿಲಾಗುತ್ತದೆ, ಗಾಲಿ ಕೂದಲೆಳೆ ಸರಿದರೂ ಚೈನು ಕಳಚುತ್ತದೆ. ನನ್ನ ಮಟ್ಟಿಗೆ ಲೆಕ್ಕ ಹೊಂದುವುದಿಲ್ಲ.

5. ಮಳೆಗಾಲದಲ್ಲಿ ಹಸಿ ಎರೆಗೆ ಇಳಿಸಬೇಡಿ. ಮಣ್ಣು ಮಡ್‌ಗಾರ್ಡ್ ತುಂಬಿ ಗಾಲಿ ಕಚ್ಚಿಕೊಂಡಾಗಲೂ ಥ್ರಾಟಲ್ ಹಿಡಿದರೆ ಮೋಟಾರಿನ ಸುರುಳಿ ಸುಡುತ್ತದೆ. ವೈರು ಆಕ್ಸಲ್ಲಿನಿಂದ ಹೊರಬರುವಲ್ಲಿ ಕೆಳಕ್ಕೆ ಒಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

6. 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ವ್ಯಾಟ್ ಅವರ್ ಇರುತ್ತದೆ. ಕಿಲೋಮೀಟರಿಗೆ 10ರಿಂದ 12 ಖರ್ಚು ಹಿಡಿದರೆ ಸುಮಾರು 30 ಕಿಲೋಮೀಟರ್. ನಮ್ಮದು ಬಯಲು ಸೀಮೆ, ಏರು ಕಡಿಮೆ, ಜೊತೆಗೆ ಪೆಡಲ್ ತುಳಿದರೆ ಇನ್ನೂ ಬರುತ್ತದೆ.

7. ಬ್ಯಾಟರಿ ಗಾಡಿಗೆ ನೋಂದಣಿಯಿಂದ ವಿನಾಯಿತಿ ಸಿಗುವುದು 250 ವ್ಯಾಟ್‌ಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗ ಇದ್ದು, ಪರೀಕ್ಷೆಯಲ್ಲಿ ಒಪ್ಪಿಗೆ ಪಡೆದಿದ್ದರೆ. ಪೆಟ್ರೋಲಿಗೆ 1988ರ ಮೋಟಾರು ವಾಹನ ಕಾಯ್ದೆ ಹಾಕಿರುವ ಗೆರೆ 25 ಸಿಸಿ. ಕಿಟ್ ಕೊಳ್ಳುವಾಗ ವ್ಯಾಟ್ ಎಷ್ಟೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಒಪ್ಪಿಗೆಯ ಕಾಗದ ಕೇಳಿ.

8. ಸ್ಟೇಷನ್ನಿಗೆ ಹೋಗಿ ಬರುವವರಿಗೆ, ಮೊಣಕಾಲು ನೋವಿನ ಹಿರಿಯರಿಗೆ ಉಕ್ಕಿನ ಫೋರ್ಕಿನಲ್ಲಿ ಸಣ್ಣ ಹಬ್ ಮೋಟಾರನ್ನು ಸಂತೋಷದಿಂದ ಕೂರಿಸಿಕೊಡುತ್ತೇನೆ. ಎರಡೂ ಬದಿ ಹಾಲಿನ ಕ್ಯಾನ್, ಮೇಲೆ ಮೇವಿನ ಹೊರೆ ಹೇರುವವರು ಬಂದರೆ ಚಹಾ ಕುಡಿಸಿ, ಹಳೆಯದಾದರೂ ಚಿಂತೆಯಿಲ್ಲ, ಟಿವಿಎಸ್ ಎಕ್ಸ್‌ಎಲ್ ನೋಡಿಕೊಳ್ಳಿ ಎಂದು ಹೇಳಿ ಕಳಿಸುತ್ತೇನೆ.